ಮನೆಯೊಳಗೆ ಹಿರಿಯರ ಭಾವಚಿತ್ರ: ಫ್ಲ್ಯಾಶನ್ನು ಗೋಡೆಗೆ ತಿರುಗಿಸುವ ಕುರಿತು

ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯ ಶ್ರದ್ಧಾಂಜಲಿ ಪುಟವನ್ನು ನಾನು ಓದುಗನಾಗಿ ನೋಡುವಷ್ಟೇ ವೃತ್ತಿಯ ಕಣ್ಣಿನಿಂದಲೂ ನೋಡುತ್ತೇನೆ. ಶಿವಮೊಗ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಹಲವು ವರ್ಷಗಳಿಂದ ಸ್ಟುಡಿಯೊ ನಡೆಸುತ್ತಿರುವ ನನಗೆ, ಅಲ್ಲಿ ಅಚ್ಚಾಗುವ ಮುಖಗಳು ಎಂಥ ಸಂದರ್ಭದಲ್ಲಿ, ಎಂಥ ಬೆಳಕಿನಲ್ಲಿ ಸೆರೆಯಾದವು ಎಂಬುದು ನೋಡಿದೊಡನೆ ತಿಳಿದುಬಿಡುತ್ತದೆ. ಮೊಮ್ಮಗಳ ಮದುವೆಯ ಗುಂಪುಚಿತ್ರದಿಂದ ಕತ್ತರಿಸಿ ತೆಗೆದ ತಲೆ, ಹಣೆಯ ಮೇಲೆ ಬೆಳ್ಳಗೆ ಹೊಳೆಯುವ ಕಲೆ, ಕನ್ನಡಕದ ಗಾಜಿನಲ್ಲಿ ಫ್ಲ್ಯಾಶಿನ ಚುಕ್ಕೆ, ಕಿವಿಯ ಹಿಂದೆ ಗೋಡೆಗೆ ಅಂಟಿಕೊಂಡ ಕಪ್ಪು ನೆರಳು: ಇವಿಷ್ಟು ಬಹುಪಾಲು ಚಿತ್ರಗಳಲ್ಲಿ ಇದ್ದೇ ಇರುತ್ತವೆ. ಎಂಬತ್ತು ವರ್ಷ ಬದುಕಿ ಬಾಳಿದವರಿಗೆ ಮನೆಯವರ ಬಳಿ ಒಂದು ಒಳ್ಳೆಯ ಭಾವಚಿತ್ರವೂ ಇರುವುದಿಲ್ಲವೆಂಬುದು ನನಗೆ ನಿಜವಾಗಿಯೂ ಸಂಕಟದ ಸಂಗತಿ. ಈ ಕೊರತೆಗೆ ಮುಖ್ಯ ಕಾರಣ ಕ್ಯಾಮೆರಾ ಇಲ್ಲದಿರುವುದಲ್ಲ; ಮನೆಯೊಳಗಿನ ಬೆಳಕನ್ನು ಬಳಸುವ ಬಗೆಯನ್ನು ಯಾರೂ ಹೇಳಿಕೊಡದಿರುವುದು. ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸುವ ಫ್ಲ್ಯಾಶಿನ ತಲೆಯನ್ನು ಮುಖದಿಂದ ಆಚೆಗೆ, ಬಿಳಿ ಗೋಡೆಯ ಕಡೆಗೋ ಛಾವಣಿಯ ಕಡೆಗೋ ತಿರುಗಿಸಿದರೆ ಈ ದೋಷಗಳಲ್ಲಿ ಹೆಚ್ಚಿನವು ಇಲ್ಲವಾಗುತ್ತವೆ. ಆ ಕುರಿತು ತಮ್ಮ ಓದುಗರೊಡನೆ ಸ್ವಲ್ಪ ವಿವರವಾಗಿಯೇ ಹಂಚಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನೇರ ಫ್ಲ್ಯಾಶ್ ಮುಖವನ್ನು ಏಕೆ ಕೆಡಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಫ್ಲ್ಯಾಶಿನ ಬೆಳಕು ಹೊರಬೀಳುವ ಗಾಜಿನ ಅಗಲ ಹೆಚ್ಚೆಂದರೆ ಆರೇಳು ಸೆಂಟಿಮೀಟರ್. ಕ್ಯಾಮೆರಾದಲ್ಲೇ ಅಡಕವಾಗಿರುವ ಫ್ಲ್ಯಾಶಿನದ್ದು ಇನ್ನೂ ಚಿಕ್ಕದು. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳಿನ ಅಂಚು ಹರಿತವಾಗುತ್ತದೆ, ಎಣ್ಣೆ ಪಸೆಯಿರುವ ಚರ್ಮದ ಮೇಲೆ ಹೊಳಪು ಒಂದೇ ಕಡೆ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಈ ಬೆಳಕು ಲೆನ್ಸಿಗೆ ತೀರ ಹತ್ತಿರದಿಂದ, ಬಹುಮಟ್ಟಿಗೆ ಅದೇ ದಿಕ್ಕಿನಿಂದ ಹೊರಡುವುದರಿಂದ ಮುಖದ ಉಬ್ಬು ತಗ್ಗುಗಳನ್ನು ತೋರಿಸಬೇಕಾದ ಮೆಲುನೆರಳುಗಳೆಲ್ಲ ಅಳಿಸಿಹೋಗುತ್ತವೆ. ಮೂಗಿನ ಏಣು, ಕೆನ್ನೆಯ ಇಳಿಜಾರು, ಬಾಯಿಯ ಇಕ್ಕೆಲದ ಸುಕ್ಕು, ಇವೆಲ್ಲ ಒಬ್ಬ ವ್ಯಕ್ತಿಯನ್ನು ಆ ವ್ಯಕ್ತಿಯೆಂದು ಗುರುತಿಸುವಂತೆ ಮಾಡುವ ಅಂಶಗಳು. ನೇರ ಬೆಳಕು ಇವನ್ನೇ ಒರೆಸಿಹಾಕುತ್ತದೆ. ಕಣ್ಣಿನ ಪಾಪೆ ಕೆಂಪಾಗಿ ಕಾಣುವುದಕ್ಕೂ ಇದೇ ಕಾರಣ. ಲೆನ್ಸಿನ ಪಕ್ಕದಿಂದ ಹೊರಟ ಬೆಳಕು ಮಂದಬೆಳಕಿನಲ್ಲಿ ಅಗಲವಾಗಿ ತೆರೆದಿರುವ ಪಾಪೆಯ ಮೂಲಕ ಒಳಹೊಕ್ಕು, ಕಣ್ಣಿನ ಹಿಂಬದಿಯ ರಕ್ತನಾಳಗಳಿಂದ ಕೂಡಿದ ಪದರಕ್ಕೆ ತಾಗಿ, ಬಂದ ದಾರಿಯಲ್ಲೇ ಲೆನ್ಸಿಗೆ ಮರಳುತ್ತದೆ. ಬೆಳಕು ಬೇರೆ ದಿಕ್ಕಿನಿಂದ ಬಂದರೆ ಈ ಕೆಂಪು ಹುಟ್ಟುವುದೇ ಇಲ್ಲ.

ದೂರದ ಲೆಕ್ಕವೂ ಇದೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಒಂದೂವರೆ ಮೀಟರ್ ದೂರದಲ್ಲಿ ಕುಳಿತ ಅಜ್ಜನ ಮುಖಕ್ಕೆ ಸರಿಯಾಗುವಷ್ಟು ಬೆಳಕು ಕೊಟ್ಟರೆ, ಮೂರು ಮೀಟರ್ ದೂರದ ಹಿಂಗೋಡೆಗೆ ಅದರ ನಾಲ್ಕನೆಯ ಒಂದು ಭಾಗ ಮಾತ್ರ ಸಿಗುತ್ತದೆ. ಹೀಗಾಗಿಯೇ ನಮ್ಮ ಮನೆಯೊಳಗಿನ ಎಷ್ಟೋ ಚಿತ್ರಗಳಲ್ಲಿ ಮುಖ ಸುಣ್ಣ ಬಳಿದಂತೆ ಬೆಳ್ಳಗೂ ಅದರ ಹಿಂದಿನ ನಡುಮನೆ ಗುಹೆಯಂತೆ ಕಪ್ಪಗೂ ಕಾಣುತ್ತವೆ. ಆ ಮನೆಯ ಕಂಬ, ಗೋಡೆಗೆ ತೂಗುಹಾಕಿದ ಹಳೆಯ ಪಟಗಳು, ಅವರು ದಿನವೂ ಕೂರುತ್ತಿದ್ದ ಆರಾಮಕುರ್ಚಿ, ಇವೆಲ್ಲ ಅವರ ಬದುಕಿನ ಭಾಗವೇ ಆಗಿದ್ದರೂ ಚಿತ್ರದಲ್ಲಿ ಉಳಿಯುವುದಿಲ್ಲ.

ಇಂಥ ಚಿತ್ರ ಪತ್ರಿಕೆಯ ಕಾಗದಕ್ಕೆ ಬಂದಾಗ ಇನ್ನಷ್ಟು ಹದಗೆಡುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತಿರುವ ವಿಷಯ. ನ್ಯೂಸ್‌ಪ್ರಿಂಟ್ ಶಾಯಿಯನ್ನು ಹೀರಿಕೊಂಡು ಮುದ್ರಣದ ಚುಕ್ಕೆಗಳನ್ನು ಹಿಗ್ಗಿಸುವುದರಿಂದ ದಟ್ಟ ನೆರಳುಗಳೆಲ್ಲ ಕೂಡಿ ಒಂದೇ ಕಪ್ಪು ಮುದ್ದೆಯಾಗುತ್ತವೆ. ಬೆಳ್ಳಗೆ ಸುಟ್ಟುಹೋದ ಹಣೆಯ ಭಾಗದಲ್ಲಿ ಚುಕ್ಕೆಯೇ ಬೀಳದೆ ಬರಿಯ ಕಾಗದ ಉಳಿಯುತ್ತದೆ. ಮಧ್ಯದ ಬೂದುಛಾಯೆಗಳು ಧಾರಾಳವಾಗಿರುವ ಚಿತ್ರ ಮಾತ್ರ ಈ ಕಾಗದದ ಮೇಲೆ ಮುಖವಾಗಿ ಉಳಿದುಕೊಳ್ಳುತ್ತದೆ, ಮತ್ತು ಅಂಥ ಛಾಯೆಗಳನ್ನು ಕೊಡುವುದು ಮೃದುವಾದ, ಓರೆಯಾಗಿ ಬೀಳುವ ಬೆಳಕು.

ಹೊರಗಿನಿಂದ ಜೋಡಿಸುವ ಫ್ಲ್ಯಾಶಿನ ನಿಜವಾದ ಬೆಲೆ ಇರುವುದು ಅದರ ಹೆಚ್ಚಿನ ಶಕ್ತಿಗಿಂತ ಅದರ ತಿರುಗುವ ತಲೆಯಲ್ಲಿ. ತಲೆಯನ್ನು ಮೇಲಕ್ಕೆತ್ತಿ ಬಿಳಿಯ ತಾರಸಿಗೆ, ಅಂದರೆ ಛಾವಣಿಯ ಒಳಮೈಗೆ, ಗುರಿಯಿಟ್ಟರೆ, ಬೆಳಕಿನ ಕಟ್ಟು ಒಂದೂವರೆ ಮೀಟರ್ ಮೇಲೆ ಹೋಗುವಷ್ಟರಲ್ಲಿ ಸುಮಾರು ಒಂದು ಮೀಟರ್ ಅಗಲಕ್ಕೆ ಹರಡಿರುತ್ತದೆ. ಈಗ ಮುಖದ ಮೇಲೆ ಬೀಳುವ ಬೆಳಕಿನ ಮೂಲ ಆ ಚಿಕ್ಕ ಗಾಜಲ್ಲ, ತಾರಸಿಯ ಮೇಲಿನ ಆ ಒಂದು ಮೀಟರಿನ ಪಟ್ಟೆ. ಬೆಳಕಿನ ಮೂಲ ವಿಸ್ತಾರದಲ್ಲಿ ನೂರಾರು ಪಟ್ಟು ದೊಡ್ಡದಾಯಿತು, ದಿಕ್ಕೂ ಬದಲಾಯಿತು. ನೆರಳಿನ ಅಂಚು ಕರಗುತ್ತದೆ, ಹಣೆಯ ಹೊಳಪು ಹರಡಿಕೊಂಡು ತಗ್ಗುತ್ತದೆ, ರೇಷ್ಮೆ ಸೀರೆಯ ಜರಿಯಂಚಿನಲ್ಲಿ ಒಂದೇ ಬಿಳಿ ಗೆರೆಯ ಬದಲಿಗೆ ನೇಯ್ಗೆಯ ಎಳೆಗಳು ಕಾಣಿಸುತ್ತವೆ. ಸುಣ್ಣ ಅಥವಾ ಡಿಸ್ಟೆಂಪರ್ ಬಳಿದ ಮೈ ಒರಟಾಗಿದ್ದು ಬೆಳಕನ್ನು ಎಲ್ಲೆಡೆಗೂ ಚದುರಿಸುವುದರಿಂದ ಈ ಕೆಲಸಕ್ಕೆ ಅತ್ಯುತ್ತಮ. ಎನಾಮಲ್ ಬಣ್ಣ ಬಳಿದ ನುಣುಪು ಗೋಡೆ, ಹೊಳೆಯುವ ಟೈಲ್ಸ್ ಅಥವಾ ಬೀರುವಿನ ಕನ್ನಡಿಗೆ ಗುರಿಯಿಟ್ಟರೆ ಅವು ಫ್ಲ್ಯಾಶಿನ ಪ್ರತಿಬಿಂಬವನ್ನೇ ಹಿಂದಿರುಗಿಸುತ್ತವೆ, ಅದರಿಂದ ಪ್ರಯೋಜನವಿಲ್ಲ.

ಇಲ್ಲಿ ಬಹಳ ಮಂದಿ ನಿಂತುಬಿಡುತ್ತಾರೆ. ಫ್ಲ್ಯಾಶನ್ನು ನೆಟ್ಟಗೆ ಮೇಲಕ್ಕೆತ್ತಿದರೆ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಆದರೆ ಹಿರಿಯರ ಮುಖದಲ್ಲಿ ಕಣ್ಣುಗಳು ಒಳಸರಿದಿರುತ್ತವೆ, ಹುಬ್ಬಿನ ಮೂಳೆ ಮುಂಚಾಚಿರುತ್ತದೆ. ನಡುನೆತ್ತಿಯಿಂದ ಇಳಿಯುವ ಬೆಳಕು ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗದ್ದದ ಕೆಳಗೆ ನೆರಳನ್ನು ತುಂಬಿ ಕಣ್ಣನ್ನು ಮಂಕಾಗಿಸುತ್ತದೆ. ಅವರು ಆಯಾಸಗೊಂಡವರಂತೆ, ಕಾಯಿಲೆಯವರಂತೆ ಕಾಣುತ್ತಾರೆ. ಆದ್ದರಿಂದ ನಾನು ತಾರಸಿಗಿಂತ ಪಕ್ಕದ ಗೋಡೆಯನ್ನೇ ಹೆಚ್ಚು ನೆಚ್ಚಿಕೊಳ್ಳುತ್ತೇನೆ. ಗೋಡೆಯೂ ತಾರಸಿಯೂ ಕೂಡುವ ಮೂಲೆಗಿಂತ ಸ್ವಲ್ಪ ಕೆಳಗೆ, ಕುಳಿತವರ ತಲೆಯಿಂದ ಒಂದೆರಡು ಅಡಿ ಎತ್ತರಕ್ಕೆ, ಕ್ಯಾಮೆರಾದ ಪಕ್ಕಕ್ಕೆ ಅಥವಾ ತುಸು ಹಿಂದಕ್ಕೆ ಫ್ಲ್ಯಾಶಿನ ತಲೆಯನ್ನು ತಿರುಗಿಸಿದರೆ, ಅಲ್ಲಿ ಕಿಟಕಿಯೊಂದನ್ನು ತೆರೆದಂತೆ ಬೆಳಕು ಓರೆಯಾಗಿ ಮುಖಕ್ಕೆ ಬರುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ನಡುಮನೆಯ ಕುರ್ಚಿಯಲ್ಲಿ ಅಜ್ಜಿಯೊಬ್ಬರು ಕುಳಿತಿದ್ದಾರೆ; ನಮ್ಮ ಎಡಕ್ಕೆ ಸುಣ್ಣದ ಗೋಡೆಯಿದೆ. ‘ಅಜ್ಜಿ, ಸ್ವಲ್ಪ ಈ ಗೋಡೆ ಕಡೆ ನೋಡಿ’ ಎಂದು ಹೇಳಿ ಅವರ ಮುಖ ಆ ಕಡೆಗೆ ಕೊಂಚ ತಿರುಗುವಂತೆ ನೋಡಿಕೊಂಡು, ಫ್ಲ್ಯಾಶನ್ನೂ ಅದೇ ಗೋಡೆಗೆ ತಿರುಗಿಸುತ್ತೇನೆ. ಆಗ ಗೋಡೆಯ ಕಡೆಗಿನ ಕೆನ್ನೆಗೆ ತುಂಬು ಬೆಳಕು ಬೀಳುತ್ತದೆ, ಕ್ಯಾಮೆರಾದ ಕಡೆಗಿರುವ ಕೆನ್ನೆ ಮೆಲುನೆರಳಿನಲ್ಲಿ ಉಳಿಯುತ್ತದೆ, ಎರಡರ ನಡುವೆ ಮೂಗಿನ ಗೆರೆ ಸ್ಪಷ್ಟವಾಗಿ ಎದ್ದುಬರುತ್ತದೆ. ಮೂಗುತಿಯ ಹರಳು ಮಿನುಗುತ್ತದೆ, ಆದರೆ ಉರಿಯುವುದಿಲ್ಲ. ಹಣೆಯ ಕುಂಕುಮದ ಅಂಚು, ನೆರೆತ ಕೂದಲಿನ ಒಂದೊಂದು ಎಳೆ, ಕಿವಿಯ ತೂತು ಓಲೆಯ ಭಾರಕ್ಕೆ ಉದ್ದವಾಗಿ ಜೋತಿರುವುದು, ಎಲ್ಲವೂ ಇದ್ದ ಹಾಗೆಯೇ ಕಾಣುತ್ತವೆ. ಎರಡೂ ಕಣ್ಣುಗಳಲ್ಲಿ, ಪಾಪೆಯ ಮೇಲ್ಭಾಗದ ಒಂದು ಬದಿಗೆ, ಆ ಗೋಡೆಯ ಬೆಳಕಿನ ಸಣ್ಣ ಪ್ರತಿಬಿಂಬ ಮೂಡಿರಬೇಕು. ಅದು ಕಾಣದಿದ್ದರೆ ಬೆಳಕು ತೀರ ಮೇಲಿನಿಂದ ಬರುತ್ತಿದೆ ಎಂದರ್ಥ, ಫ್ಲ್ಯಾಶಿನ ತಲೆಯನ್ನು ಇನ್ನಷ್ಟು ಕೆಳಕ್ಕೆ ಇಳಿಸಬೇಕು. ಕನ್ನಡಕ ಹಾಕಿಕೊಂಡವರಾದರೆ ಆ ಬಿಳಿ ಪಟ್ಟೆ ಗಾಜಿನಲ್ಲಿ ಕಾಣದಂತೆ ಮುಖವನ್ನೋ ಫ್ಲ್ಯಾಶನ್ನೋ ಒಂದಿಷ್ಟು ಆಚೀಚೆ ಮಾಡಿದರೆ ಸಾಕು. ದಯವಿಟ್ಟು ಕನ್ನಡಕವನ್ನು ತೆಗೆಸಬೇಡಿ. ಜೀವಮಾನವಿಡೀ ಕನ್ನಡಕದಲ್ಲೇ ಕಂಡವರ ಮುಖ ಅದಿಲ್ಲದೆ ಮನೆಯವರಿಗೇ ಅಪರಿಚಿತವೆನಿಸುತ್ತದೆ.

ಗೋಡೆಗೆ ತಿರುಗಿಸಿದ ಫ್ಲ್ಯಾಶಿನ ಅಂಚಿನಿಂದ ಸ್ವಲ್ಪ ಬೆಳಕು ನೇರವಾಗಿ ಮುಖಕ್ಕೂ ಸೋರಿಬಿಡುವುದುಂಟು. ಅದನ್ನು ತಡೆಯಲು ಅಂಗೈ ಅಗಲದ ಕಪ್ಪು ಫೋಮ್ ಅಥವಾ ದಪ್ಪ ಕಪ್ಪು ಕಾಗದದ ತುಂಡನ್ನು ಫ್ಲ್ಯಾಶಿನ ತಲೆಯ ಪಕ್ಕಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದರೆ ಆಯಿತು. ಕುಳಿತವರ ಕಣ್ಣಿಗೆ ಫ್ಲ್ಯಾಶಿನ ಗಾಜು ಕಾಣಬಾರದು, ಗೋಡೆ ಮಾತ್ರ ಕಾಣಬೇಕು. ಇದೊಂದನ್ನು ಪರೀಕ್ಷಿಸಿಕೊಂಡರೆ ಉಳಿದದ್ದು ತಾನೇ ಸರಿಹೋಗುತ್ತದೆ.

ಇನ್ನು ನಮ್ಮ ಮಲೆನಾಡಿನ ಮನೆಗಳ ವಿಚಾರ. ಇಲ್ಲಿ ಈ ವಿಧಾನದ ಬಹುದೊಡ್ಡ ತೊಡಕು ಇರುವುದು ತಲೆಯ ಮೇಲೆ. ಹಳೆಯ ಮನೆಗಳಲ್ಲಿ ಬಿಳಿಯ ತಾರಸಿಯೆಂಬುದೇ ಇಲ್ಲ. ಒಂದೋ ಮರದ ಹಲಗೆಯ ಮುಚ್ಚಿಗೆ ಇರುತ್ತದೆ, ಇಲ್ಲವೇ ಒಲೆಯ ಹೊಗೆ ಹಿಡಿದು ಕಪ್ಪಾದ ಮಂಗಳೂರು ಹೆಂಚು ಮತ್ತು ಪಕಾಸಿಗಳು. ಕಪ್ಪು ಮರಕ್ಕೆ ಗುರಿಯಿಟ್ಟ ಬೆಳಕು ಅಲ್ಲಿಯೇ ಇಂಗಿಹೋಗುತ್ತದೆ, ಅಳಿದುಳಿದು ಮರಳಿ ಬಂದದ್ದು ಕಂದು ಬಣ್ಣ ಹೊತ್ತು ಬರುತ್ತದೆ. ಇಂಥ ಕಡೆ ಬಿಳಿ ಮೈಯನ್ನು ನಾವೇ ಒದಗಿಸಿಕೊಳ್ಳಬೇಕು. ಮನೆಯಲ್ಲಿರುವ ಮಾಸದ ಬಿಳಿ ಪಂಚೆಯೊಂದನ್ನು ಎರಡು ಮಡಿಕೆ ಮಾಡಿ ಇಬ್ಬರು ತುದಿ ಹಿಡಿದು ನಿಂತರೆ, ಅಥವಾ ಬಟ್ಟೆ ಒಣಗಿಸುವ ಹಗ್ಗಕ್ಕೆ ಇಳಿಬಿಟ್ಟರೆ, ಅದೇ ನಮ್ಮ ಗೋಡೆ. ಅಂಗಡಿಯಲ್ಲಿ ಸಿಗುವ ಥರ್ಮೋಕೋಲ್ ಹಾಳೆ ಇನ್ನೂ ಒಳ್ಳೆಯದು. ಚಲನಚಿತ್ರದ ಚಿತ್ರೀಕರಣದಲ್ಲಿ ಬೆಳಕನ್ನು ಮೃದುವಾಗಿ ತಿರುಗಿಸಿಕೊಡಲು ಬಳಸುವುದು ಇದನ್ನೇ. ಹಗುರವಾಗಿರುವುದರಿಂದ ಮೊಮ್ಮಕ್ಕಳು ಕೂಡ ಅದನ್ನು ಹಿಡಿದು ನಿಲ್ಲಬಲ್ಲರು, ಮತ್ತು ಆ ನೆಪದಲ್ಲಿ ಅಜ್ಜನ ದೃಷ್ಟಿಯನ್ನು ಆ ಕಡೆಗೆ ಸೆಳೆದು ಮಾತಿಗೆಳೆಯಬಲ್ಲರು. ಮೊಮ್ಮಕ್ಕಳೊಡನೆ ಮಾತನಾಡುವಾಗ ಮುಖಕ್ಕೆ ಬರುವ ಕಳೆ ಕ್ಯಾಮೆರಾವನ್ನು ನೋಡುವಾಗ ಬರುವುದಿಲ್ಲವೆಂಬುದನ್ನು ಈ ವೃತ್ತಿಯ ಪ್ರತಿಯೊಬ್ಬರೂ ಬಲ್ಲರು.

ಗೋಡೆಯ ಬಣ್ಣವನ್ನೂ ಗಮನಿಸಬೇಕು. ನಮ್ಮ ಕಡೆ ಕೋಣೆಗಳಿಗೆ ತಿಳಿಹಸಿರು, ಗುಲಾಬಿ, ಆಕಾಶನೀಲಿ ಬಣ್ಣಗಳನ್ನು ಬಳಿಸುವುದು ವಾಡಿಕೆ. ಗೋಡೆಯಿಂದ ಹಿಂದಿರುಗುವ ಬೆಳಕು ಆ ಬಣ್ಣವನ್ನು ಹೊತ್ತು ತರುತ್ತದೆ. ಹಸಿರು ಗೋಡೆಯ ಬೆಳಕಿನಲ್ಲಿ ಕುಳಿತವರು ಕಾಯಿಲೆ ಬಿದ್ದವರಂತೆ ಕಾಣುತ್ತಾರೆ. ಬಣ್ಣ ತೀರ ತಿಳಿಯಾಗಿದ್ದು ಎಲ್ಲ ಬೆಳಕೂ ಅದೇ ಗೋಡೆಯಿಂದ ಬರುತ್ತಿದ್ದರೆ, ಅದೇ ಬೆಳಕಿನಲ್ಲಿ ಒಂದು ಬಿಳಿ ಕಾಗದದ ಚಿತ್ರ ತೆಗೆದು ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಹೊಂದಿಸಿಕೊಂಡು ತಿದ್ದಬಹುದು. ಬಣ್ಣ ಗಾಢವಾಗಿದ್ದರೆ ಆ ಗೋಡೆಯ ಗೊಡವೆಗೇ ಹೋಗದೆ ಪಂಚೆಯನ್ನೋ ಥರ್ಮೋಕೋಲನ್ನೋ ನೆಚ್ಚಿಕೊಳ್ಳುವುದು ಲೇಸು. ಕೋಣೆಯ ದೀಪಗಳೂ ಇದೇ ತೊಂದರೆ ಕೊಡುತ್ತವೆ. ಫ್ಲ್ಯಾಶಿನ ಬೆಳಕು ಹಗಲಿನ ಬೆಳಕಿಗೆ ಹತ್ತಿರವಾಗಿ ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಸಂಖ್ಯೆ ತಗ್ಗಿದಷ್ಟೂ ಬೆಳಕು ಹಳದಿ) ಇದ್ದರೆ, ಹಳದಿ ಎಲ್‌ಇಡಿ ಬಲ್ಬು 3000 ಕೆಲ್ವಿನ್ ಆಸುಪಾಸಿನಲ್ಲಿರುತ್ತದೆ. ಟ್ಯೂಬ್‌ಲೈಟಿಗೆ ಹಸಿರು ಛಾಯೆ ಇರುವುದುಂಟು. ಎರಡು ಬಣ್ಣದ ಬೆಳಕು ಒಂದೇ ಮುಖದ ಮೇಲೆ ಬಿದ್ದರೆ ಆಮೇಲೆ ತಿದ್ದುವುದು ಬಲು ಕಷ್ಟ. ಟ್ಯೂಬ್‌ಲೈಟನ್ನು ಆರಿಸಿಬಿಡಿ. ದೇವರ ಕೋಣೆಯ ದೀಪದ ಹೊಂಬಣ್ಣ ಮಾತ್ರ ಹಿನ್ನೆಲೆಯಲ್ಲಿ ಇದ್ದರೆ ಅದು ಚಿತ್ರಕ್ಕೆ ಶೋಭೆಯೇ; ಅದನ್ನು ಉಳಿಸಿಕೊಳ್ಳಲು ಶಟರ್ ವೇಗವನ್ನು ತಗ್ಗಿಸಿ, ಕ್ಯಾಮೆರಾ ಹೆಚ್ಚು ಹೊತ್ತು ಬೆಳಕಿಗೆ ತೆರೆದಿರುವಂತೆ ಮಾಡಬೇಕು.

ಶಟರ್ ವೇಗದ ಮಾತು ಬಂದುದರಿಂದ ಕ್ಯಾಮೆರಾದ ಹೊಂದಾಣಿಕೆಯನ್ನೂ ಹೇಳಿಬಿಡುತ್ತೇನೆ. ಫ್ಲ್ಯಾಶ್ ಬೆಳಗುವುದು ಸೆಕೆಂಡಿನ ಅತಿ ಸಣ್ಣ ಭಾಗದಷ್ಟು ಹೊತ್ತು ಮಾತ್ರವಾದ್ದರಿಂದ ಅದರ ಪ್ರಮಾಣವನ್ನು ನಿರ್ಧರಿಸುವುದು ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿಯ ಗಾತ್ರ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಮತ್ತು ಫ್ಲ್ಯಾಶಿನ ಶಕ್ತಿ. ಶಟರ್ ವೇಗ ನಿರ್ಧರಿಸುವುದು ಕೋಣೆಯಲ್ಲಿ ಮೊದಲೇ ಇರುವ ಬೆಳಕು ಎಷ್ಟು ಕಾಣಬೇಕೆಂಬುದನ್ನು. ಬಹುತೇಕ ಕ್ಯಾಮೆರಾಗಳಲ್ಲಿ ಸೆಕೆಂಡಿನ 200ನೆಯ ಅಥವಾ 250ನೆಯ ಒಂದು ಭಾಗಕ್ಕಿಂತ ವೇಗವಾದ ಶಟರಿನೊಡನೆ ಸಾಮಾನ್ಯ ಫ್ಲ್ಯಾಶ್ ಹೊಂದುವುದಿಲ್ಲ. ನಾನು ಮನೆಯೊಳಗೆ 60ನೆಯ ಒಂದು ಭಾಗದಿಂದ 125ನೆಯ ಒಂದು ಭಾಗದ ನಡುವೆ ಇಟ್ಟುಕೊಳ್ಳುತ್ತೇನೆ. ಹಿನ್ನೆಲೆ ಹೆಚ್ಚು ಬೆಳಗಬೇಕೆಂದರೆ ನಿಧಾನದ ಕಡೆಗೆ, ಬೇಡವೆಂದರೆ ವೇಗದ ಕಡೆಗೆ.

ಗೋಡೆಗೋ ತಾರಸಿಗೋ ತಾಗಿಸಿದಾಗ ಬೆಳಕು ಬಹಳಷ್ಟು ನಷ್ಟವಾಗುತ್ತದೆ, ಅಷ್ಟು ಶಕ್ತಿ ಫ್ಲ್ಯಾಶಿಗಿದೆಯೇ ಎಂಬ ಪ್ರಶ್ನೆ ಸಹಜ. ಲೆಕ್ಕ ಹಾಕಿ ನೋಡಬಹುದು. ತಾರಸಿ ನೆಲದಿಂದ ಮೂರು ಮೀಟರ್ ಎತ್ತರ, ಫ್ಲ್ಯಾಶೂ ಮುಖವೂ ಒಂದೂವರೆ ಮೀಟರ್ ಎತ್ತರದಲ್ಲಿ, ಇವೆರಡರ ನಡುವೆ ಎರಡು ಮೀಟರ್ ಅಂತರ ಎಂದುಕೊಳ್ಳೋಣ. ಬೆಳಕು ತಾರಸಿಗೆ ಹೋಗಿ ಮುಖಕ್ಕೆ ಬರುವ ದಾರಿ ಸುಮಾರು 3.6 ಮೀಟರ್. ಐಎಸ್‌ಒ 100ರಲ್ಲಿ ಗೈಡ್ ನಂಬರ್ (ಫ್ಲ್ಯಾಶಿನ ಶಕ್ತಿಯ ಅಳತೆ; ಇದನ್ನು ಮೀಟರಿನಲ್ಲಿರುವ ದೂರದಿಂದ ಭಾಗಿಸಿದರೆ ಅಪರ್ಚರಿನ ಎಫ್ ಸಂಖ್ಯೆ ಸಿಗುತ್ತದೆ) 36 ಇರುವ ಫ್ಲ್ಯಾಶ್, ಪೂರ್ಣ ಶಕ್ತಿಯಲ್ಲಿ, ಅಷ್ಟು ದೂರಕ್ಕೆ ಎಫ್ 10 ಅಪರ್ಚರಿಗೆ ಸಾಲುವಷ್ಟು ಬೆಳಕು ಕೊಡುತ್ತದೆ. ತಾರಸಿಯಲ್ಲಿ ಚದುರಿ ಹೋಗುವುದಕ್ಕೆಂದು ಎರಡು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ) ಕಳೆದರೆ ಎಫ್ 5 ಉಳಿಯಿತು; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಐಎಸ್‌ಒ 800ಕ್ಕೆ ಏರಿಸಿ ಎಫ್ 4ರಲ್ಲಿ ತೆಗೆದರೆ ಫ್ಲ್ಯಾಶಿನ ಶಕ್ತಿಯ ಎಂಟನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆ ಸಾಕಾಗುತ್ತದೆ. ಇಂದಿನ ಯಾವ ಕ್ಯಾಮೆರಾಕ್ಕೂ ಐಎಸ್‌ಒ 800 ಒಂದು ಹೊರೆಯೇ ಅಲ್ಲ. ಫ್ಲ್ಯಾಶ್ ಬೇಗ ಮರುತುಂಬಿಕೊಳ್ಳುತ್ತದೆ, ಬಿಸಿಯೇರುವುದಿಲ್ಲ, ಒಂದು ಸೆಟ್ ಚಾರ್ಜ್ ಮಾಡುವ ಬ್ಯಾಟರಿಗಳಲ್ಲಿ ಇಡೀ ಮಧ್ಯಾಹ್ನ ಕಳೆಯುತ್ತದೆ.

ಇಡೀ ಕುಟುಂಬದ ಚಿತ್ರಕ್ಕೂ ಇದೇ ಲೆಕ್ಕ ನೆರವಾಗುತ್ತದೆ. ನೇರ ಫ್ಲ್ಯಾಶಿನಲ್ಲಿ ಎರಡು ಮೀಟರ್ ದೂರದ ಮುಂದಿನ ಸಾಲಿಗೆ ಬೀಳುವ ಬೆಳಕಿನ ಕಾಲುಭಾಗ ಮಾತ್ರ ನಾಲ್ಕು ಮೀಟರ್ ದೂರದ ಹಿಂದಿನ ಸಾಲಿಗೆ ಸಿಗುತ್ತದೆ. ಛಾಯಾಗ್ರಾಹಕನ ಬೆನ್ನ ಹಿಂದೆ ಒಂದೂವರೆ ಮೀಟರ್ ದೂರದಲ್ಲಿರುವ ಗೋಡೆಗೆ ಫ್ಲ್ಯಾಶ್ ತಾಗಿಸಿದರೆ ಬೆಳಕಿನ ದಾರಿ ಮುಂದಿನವರಿಗೆ ಐದು ಮೀಟರ್, ಹಿಂದಿನವರಿಗೆ ಏಳು ಮೀಟರ್ ಆಗಿ, ಹಿಂದಿನ ಸಾಲಿಗೂ ಅರ್ಧದಷ್ಟು ಬೆಳಕು ತಲುಪುತ್ತದೆ.

ಕಿಟಕಿಯ ಬೆಳಕಿರುವಾಗ ಫ್ಲ್ಯಾಶ್ ಏಕೆ ಎಂದು ಕೇಳುವವರಿದ್ದಾರೆ, ಆ ಮಾತಿಗೆ ನನ್ನ ತಕರಾರಿಲ್ಲ. ದೊಡ್ಡ ಕಿಟಕಿಯ ಪಕ್ಕದ ಬೆಳಕಿಗೆ ಸಾಟಿಯಾದದ್ದು ಬೇರೊಂದಿಲ್ಲ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಹಗಲೇ ಕತ್ತಲೆ ಕವಿದಿರುತ್ತದೆ, ಹಳೆಯ ಮನೆಗಳ ಕಿಟಕಿಗಳು ಚಿಕ್ಕವು, ಮರದ ಸರಳಿನವು, ಮುಂದೆ ಇಳಿಮಾಡಿನ ನೆರಳು ಬೇರೆ. ಹಾಸಿಗೆ ಹಿಡಿದವರನ್ನು ಕಿಟಕಿಯ ಬಳಿಗೆ ಕರೆತರುವುದೂ ಸಾಧ್ಯವಿಲ್ಲ. ಮೊಬೈಲಿನ ರಾತ್ರಿ ಮೋಡ್ ಇದೆಯಲ್ಲ ಎಂದೂ ಹೇಳುತ್ತಾರೆ. ಅದು ಹಲವು ಚಿತ್ರಗಳನ್ನು ಒಂದರ ಹಿಂದೊಂದು ತೆಗೆದು ಕೂಡಿಸುವ ವಿಧಾನ. ಅಷ್ಟು ಹೊತ್ತು ಅಲುಗಾಡದೆ ಕೂರಬೇಕು. ಕೈ ನಡುಗುವ, ಕತ್ತು ಅಲ್ಲಾಡುವ ವಯಸ್ಸಿನವರಿಗೆ ಅದು ಆಗದ ಮಾತು. ಕಡಿಮೆ ಶಕ್ತಿಯಲ್ಲಿ ಬೆಳಗುವ ಫ್ಲ್ಯಾಶಿನ ಅವಧಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಕೋಣೆಯ ಬೆಳಕು ಮಂದವಾಗಿರುವಷ್ಟು ಹೊತ್ತು, ಯಾವ ನಡುಕವೂ ಅದರಲ್ಲಿ ದಾಖಲಾಗದು.

ಹಿರಿಯರ ಅನುಕೂಲವನ್ನೂ ನೆನೆಯಬೇಕು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಎಷ್ಟೋ ಮಂದಿ ನೇರ ಫ್ಲ್ಯಾಶಿಗೆ ಬೆಚ್ಚಿ ಕಣ್ಣು ಮುಚ್ಚಿಕೊಳ್ಳುವುದನ್ನು ನೋಡಿದ್ದೇನೆ. ಒಮ್ಮೆ ಹಾಗಾದರೆ ಮುಂದಿನ ಪ್ರತಿ ಚಿತ್ರಕ್ಕೂ ಅವರು ಮುಖ ಬಿಗಿಹಿಡಿದೇ ಕೂರುತ್ತಾರೆ. ಗೋಡೆಯಿಂದ ಬಂದ ಬೆಳಕು ಅವರನ್ನು ಅಷ್ಟು ಬಾಧಿಸುವುದಿಲ್ಲ. ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಫ್ಲ್ಯಾಶ್ ಟಿಟಿಎಲ್ ಮೋಡ್‌ನಲ್ಲಿದ್ದಾಗ, ಅಂದರೆ ಲೆನ್ಸಿನ ಮೂಲಕ ಬಂದ ಬೆಳಕನ್ನು ಅಳೆದು ತನ್ನ ಪ್ರಮಾಣವನ್ನು ತಾನೇ ನಿರ್ಧರಿಸುವಾಗ, ಬೆಳಕನ್ನು ಅಳೆಯಲು ಮೊದಲೊಂದು ಸಣ್ಣ ಮಿಂಚನ್ನು ಹೊಮ್ಮಿಸುತ್ತದೆ, ಅದಾದ ಮರುಕ್ಷಣವೇ ನಿಜವಾದ ಮಿಂಚು. ಆ ಮೊದಲ ಮಿಂಚಿಗೇ ರೆಪ್ಪೆ ಬಡಿಯುವವರ ಕಣ್ಣು ಪ್ರತಿ ಚಿತ್ರದಲ್ಲೂ ಅರೆಮುಚ್ಚಿಕೊಂಡೇ ಬರುತ್ತದೆ, ಕಾರಣ ತಿಳಿಯದೆ ಅವರನ್ನೇ ದೂರಲಾಗುತ್ತದೆ. ಫ್ಲ್ಯಾಶನ್ನು ಮ್ಯಾನುಯಲ್‌ಗೆ, ಅಂದರೆ ಪ್ರಮಾಣವನ್ನು ನಾವೇ ಹೊಂದಿಸುವ ಬಗೆಗೆ, ಬದಲಿಸಿದರೆ ಆ ಮೊದಲ ಮಿಂಚು ಇರುವುದಿಲ್ಲ, ಕಣ್ಣು ತೆರೆದೇ ಇರುತ್ತದೆ. ಕುಳಿತವರು ಕದಲದಿರುವಾಗ, ಗೋಡೆಯೂ ಕದಲದಿರುವಾಗ ಮ್ಯಾನುಯಲ್ ಇನ್ನೂ ಸುಲಭ; ಒಮ್ಮೆ ಹೊಂದಿಸಿದರೆ ಬಿಳಿ ಅಂಗಿಗೂ ಕಪ್ಪು ಕೋಟಿಗೂ ಬೆಳಕು ಬದಲಾಗದು. ಟಿಟಿಎಲ್‌ನಲ್ಲಿಯೇ ತೆಗೆಯುವವರು ಬಿಳಿ ಪಂಚೆ, ಬಿಳಿ ಜುಬ್ಬ ತೊಟ್ಟವರಿಗೆ ಫ್ಲ್ಯಾಶಿನ ಪ್ರಮಾಣವನ್ನು ಕೊಂಚ ಹೆಚ್ಚಿಸಿಕೊಳ್ಳಬೇಕು, ಇಲ್ಲದಿದ್ದರೆ ಬಟ್ಟೆ ಬೂದುಬಣ್ಣಕ್ಕೆ ತಿರುಗಿ ಮುಖ ಕಪ್ಪಿಡುತ್ತದೆ.

ಎಲ್ಲ ಕಡೆಗೂ ಈ ವಿಧಾನ ಸಲ್ಲುವುದಿಲ್ಲ. ಇಪ್ಪತ್ತು, ಮೂವತ್ತು ಅಡಿ ಎತ್ತರದ ಛಾವಣಿಯ ಕಲ್ಯಾಣ ಮಂಟಪದಲ್ಲಿ ಬೆಳಕು ಹೋಗಿ ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಬಯಲಿನ ಚಪ್ಪರದಲ್ಲಂತೂ ತಾಗಿಸಲು ಗೋಡೆಯೇ ಇಲ್ಲ. ಅಂಥಲ್ಲಿ ಫ್ಲ್ಯಾಶಿನ ಮೇಲೆ ಬಿಳಿ ಪ್ಲಾಸ್ಟಿಕ್ ಮುಚ್ಚಳ ಹಾಕಿಕೊಂಡು ತಲೆಯನ್ನು ಮೇಲಕ್ಕೆತ್ತಿ ಓಡಾಡುವವರನ್ನು ನೋಡುತ್ತೇವೆ. ಆ ಮುಚ್ಚಳ ಬೆಳಕನ್ನು ಸುತ್ತಲೂ ಚದುರಿಸುತ್ತದೆ. ಸುತ್ತ ಗೋಡೆಗಳಿದ್ದರೆ ಅವುಗಳಿಂದ ಬೆಳಕು ಮರಳಿ ಬಂದು ಪ್ರಯೋಜನವಾಗುತ್ತದೆ, ಬಯಲಿನಲ್ಲಾದರೆ ಬ್ಯಾಟರಿ ಖರ್ಚಾಗುವುದಷ್ಟೇ. ಮದುವೆ ಮನೆಯ ಗಡಿಬಿಡಿಯಲ್ಲಿ ಹಿರಿಯರ ಭಾವಚಿತ್ರವನ್ನು ಪಡೆಯಲು ಹೊರಡುವುದಕ್ಕಿಂತ, ಬೀಗರು ಹೊರಟ ಮೇಲೆ, ಮನೆಯಲ್ಲೇ ಒಂದು ಅರ್ಧ ಗಂಟೆ ಮೀಸಲಿಡುವುದು ಮೇಲು.

ಕೊಳ್ಳುವವರಿಗೆ ಎರಡು ಮಾತು. ಅಗ್ಗದ ಕೆಲವು ಫ್ಲ್ಯಾಶುಗಳ ತಲೆ ಮೇಲಕ್ಕೆ ಮಾತ್ರ ಏಳುತ್ತದೆ, ಪಕ್ಕಕ್ಕೆ ತಿರುಗುವುದಿಲ್ಲ. ಎರಡೂ ಕಡೆ ತಿರುಗುವಂಥದ್ದನ್ನೇ ಕೊಳ್ಳಬೇಕು. ಇಲ್ಲದಿದ್ದರೆ ಭಾವಚಿತ್ರಕ್ಕೆಂದು ಕ್ಯಾಮೆರಾವನ್ನು ನಿಲುವಾಗಿ ಹಿಡಿದಾಗ ಫ್ಲ್ಯಾಶನ್ನು ಬೇಕಾದ ಕಡೆಗೆ ತಿರುಗಿಸಲಾಗದು. ಟಿಟಿಎಲ್ ಬೇಕೆಂದಿದ್ದರೆ ತಮ್ಮ ಕ್ಯಾಮೆರಾದ ಕಂಪನಿಗೆ ಹೊಂದುವ ಮಾದರಿಯನ್ನೇ ಕೇಳಿ ಪಡೆಯಬೇಕು, ಏಕೆಂದರೆ ಕ್ಯಾನನ್, ನಿಕಾನ್, ಸೋನಿಗಳ ಸಂಕೇತಗಳು ಬೇರೆ ಬೇರೆ. ಅಟ್ಟದ ಮೇಲೆ ಫಿಲ್ಮ್ ಕಾಲದ ಫ್ಲ್ಯಾಶ್ ಸಿಕ್ಕಿತೆಂದು ಅದನ್ನು ಇಂದಿನ ಡಿಜಿಟಲ್ ಕ್ಯಾಮೆರಾದ ಮೇಲೆ ನೇರವಾಗಿ ಕೂರಿಸಬಾರದು. ಹಳೆಯ ಕೆಲವು ಫ್ಲ್ಯಾಶುಗಳ ಕಾಲಿನಲ್ಲಿ, ಅಂದರೆ ಕ್ಯಾಮೆರಾಕ್ಕೆ ಕೂಡುವ ಭಾಗದಲ್ಲಿ, ನೂರಾರು ವೋಲ್ಟ್ ಇರುವುದುಂಟು, ಕ್ಯಾಮೆರಾದ ಒಳಗಿನ ಸರ್ಕ್ಯೂಟು ಅದರಿಂದ ಸುಟ್ಟುಹೋಗಬಹುದು.

ಸ್ಟುಡಿಯೊಕ್ಕೆ ಬರುವವರ ಒಂದು ಬೇಡಿಕೆಯನ್ನು ಇಲ್ಲಿ ಹೇಳದಿರಲಾರೆ. ಮನೆಯಲ್ಲಿ ಸಾವಾದ ಮರುದಿನ ಮೊಬೈಲಿನಲ್ಲಿರುವ ಒಂದು ಚಿತ್ರವನ್ನು ತಂದು ‘ಇದನ್ನು ಸ್ವಲ್ಪ ಸರಿ ಮಾಡಿಕೊಡಿ, ಪೇಪರಿಗೆ ಹಾಕಿಸಬೇಕು, ಗೋಡೆಗೂ ಒಂದು ಬೇಕು’ ಎನ್ನುತ್ತಾರೆ. ನೆರಳನ್ನು ಅಳಿಸಬಹುದು, ಹಿನ್ನೆಲೆಗೆ ನೀಲಿ ತುಂಬಬಹುದು. ಬೆಳ್ಳಗೆ ಸುಟ್ಟುಹೋದ ಹಣೆಯಲ್ಲಿದ್ದ ವಿಭೂತಿಯ ಗೆರೆಗಳನ್ನು ಮಾತ್ರ ಮರಳಿ ತರಲು ಬರುವುದಿಲ್ಲ, ಏಕೆಂದರೆ ಚಿತ್ರದ ಆ ಜಾಗದಲ್ಲಿ ಯಾವ ವಿವರವೂ ದಾಖಲಾಗಿರುವುದಿಲ್ಲ. ಈಗಿನ ತಂತ್ರಾಂಶಗಳು ಅಲ್ಲಿ ಏನನ್ನೋ ಊಹಿಸಿ ಬರೆದುಬಿಡುತ್ತವೆ, ಚರ್ಮವನ್ನು ನುಣುಪು ಮಾಡುತ್ತವೆ, ಕಣ್ಣಿಗೆ ಹೊಳಪು ಕೊಡುತ್ತವೆ. ಅದನ್ನು ಕಂಡ ಮಗಳು ‘ಇದು ನಮ್ಮ ಅಪ್ಪನ ಹಾಗಿಲ್ಲ’ ಎಂದು ಹಿಂದಿರುಗಿಸಿದಾಗ ಅವರು ಹೇಳಿದ್ದು ಸರಿಯೆಂದೇ ನನಗೆ ತೋರಿತು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ಎರಡು ಕೋರಿಕೆಗಳಿವೆ. ನವೆಂಬರ್ 1ರ ಆಸುಪಾಸಿನಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪ್ರಕಟವಾದಾಗ ಹಳ್ಳಿಹಳ್ಳಿಗಳ ವೃದ್ಧ ಕಲಾವಿದರ, ಸೂಲಗಿತ್ತಿಯರ, ಕೃಷಿಕರ ಮನೆಗಳಿಗೆ ವರದಿಗಾರರು ಧಾವಿಸುತ್ತಾರೆ. ಅವರಲ್ಲಿ ಕೆಲವರನ್ನು ಉತ್ತಮ ಕ್ಯಾಮೆರಾದಲ್ಲಿ ಯಾರಾದರೂ ಚಿತ್ರಿಸುವುದು ಅದೇ ಮೊದಲ ಸಲವಾಗಿರುತ್ತದೆ, ಆ ಚಿತ್ರವೇ ಮುಂದೆ ಎಲ್ಲ ಕಡೆಯೂ ಬಳಕೆಯಾಗುತ್ತದೆ. ತಮ್ಮ ಜಿಲ್ಲಾ ಛಾಯಾಗ್ರಾಹಕರು ಅಂಥ ಮನೆಗಳಲ್ಲಿ ಫ್ಲ್ಯಾಶನ್ನು ನೇರವಾಗಿ ಹಾರಿಸದೆ, ಒಂದೆರಡು ನಿಮಿಷ ಹೆಚ್ಚು ತೆಗೆದುಕೊಂಡಾದರೂ ಗೋಡೆಗೆ ತಿರುಗಿಸಿ ತೆಗೆಯುವಂತೆ ತಾವು ಸೂಚಿಸಬೇಕು. ಎರಡನೆಯದು, ಮನೆಯೊಳಗಿನ ಭಾವಚಿತ್ರಗಳ ಕುರಿತು ತಮ್ಮ ವಾರದ ಪುರವಣಿಯಲ್ಲಿ ಚಿತ್ರಸಹಿತವಾಗಿ ಅರ್ಧ ಪುಟವನ್ನು ಮೀಸಲಿಡಬೇಕು: ಒಬ್ಬರೇ ಹಿರಿಯರು, ಒಂದೇ ಕುರ್ಚಿ, ಒಂದೇ ಕೋಣೆ, ಮೊದಲನೆಯದು ನೇರ ಫ್ಲ್ಯಾಶಿನಲ್ಲಿ, ಎರಡನೆಯದು ತಾರಸಿಗೆ ತಾಗಿಸಿ, ಮೂರನೆಯದು ಪಕ್ಕದ ಗೋಡೆಗೆ ತಾಗಿಸಿ. ಈ ಮೂರು ಚಿತ್ರಗಳನ್ನು ಒಟ್ಟಿಗೆ ನೋಡಿದ ಓದುಗರಿಗೆ ನನ್ನ ಈ ದೀರ್ಘ ಪತ್ರದ ಅಗತ್ಯವೇ ಬೀಳದು. ತಾವು ಒಪ್ಪುವುದಾದರೆ, ಹಿರಿಯರ ಹಾಗೂ ಅವರ ಮನೆಯವರ ಅನುಮತಿ ಪಡೆದು ಅಂಥ ಚಿತ್ರಗಳನ್ನು ಯಾವ ಸಂಭಾವನೆಯನ್ನೂ ಬಯಸದೆ ತೆಗೆದುಕೊಡಲು ನಾನು ಸಿದ್ಧನಿದ್ದೇನೆ. ಮಳೆಗಾಲ ಮುಗಿಯುವುದರೊಳಗೆ ಅವಕಾಶ ಮಾಡಿಕೊಟ್ಟರೆ, ಕಿಟಕಿಯ ಬೆಳಕು ಒದಗದ ದಿನಗಳಲ್ಲೇ ಅವನ್ನು ತೆಗೆಯಬಹುದು.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಸ್ಟುಡಿಯೊ ಛಾಯಾಗ್ರಾಹಕ,
ಶಿವಮೊಗ್ಗ ಜಿಲ್ಲೆ